ಪಾದದ ಹೊರಅಂಚಿನ ಮೂಳೆ ಮುರಿದಾಗ: ಚಿಕಿತ್ಸೆ, ವಿಶ್ರಾಂತಿ, ಚೇತರಿಕೆ

ಮಳೆಗಾಲದಲ್ಲಿ ಪಾಚಿ ಕಟ್ಟಿದ ಮೆಟ್ಟಿಲು, ಹೊಲದ ಬದು, ಬಸ್ಸಿನ ಕೊನೆಯ ಮೆಟ್ಟಿಲು, ರಸ್ತೆ ಬದಿಯ ಚರಂಡಿ ಕಲ್ಲು: ಇಂಥ ಕಡೆ ಪಾದ ಹೊರಳಿ, ಕಿರುಬೆರಳಿನ ಕಡೆಯ ಅಂಚಿನಲ್ಲಿ ನೋವು ಕಾಣಿಸಿಕೊಂಡರೆ ನಮ್ಮಲ್ಲಿ ಬಹಳ ಮಂದಿ ‘ಉಳುಕಿದೆ’ ಎಂದುಕೊಂಡು ಎಣ್ಣೆ ತಿಕ್ಕಿ ನಾಲ್ಕು ದಿನ ನೋಡುತ್ತಾರೆ. ಹಲವು ಸಲ ಅದು ಉಳುಕೇ ಆಗಿರುತ್ತದೆ. ಆದರೆ ಅಲ್ಲಿರುವ ಒಂದು ಸಣ್ಣ ಮೂಳೆ ಮುರಿದಿರುವ ಸಾಧ್ಯತೆಯೂ ಇದೆ. ಪಾದದಲ್ಲಿ ಹೆಚ್ಚಾಗಿ ಮುರಿಯುವ ಮೂಳೆಗಳಲ್ಲಿ ಇದೂ ಒಂದು.

ಈ ಮುರಿತದ ವಿಶೇಷವೆಂದರೆ, ಒಂದೇ ಮೂಳೆಯಲ್ಲಿ ಒಂದು ಅಂಗುಲದೊಳಗಿನ ಅಂತರಕ್ಕೆ ಚಿಕಿತ್ಸೆಯೇ ಬದಲಾಗುತ್ತದೆ. ಒಂದು ಜಾಗದಲ್ಲಿ ಮುರಿದರೆ ವೈದ್ಯರು ‘ಗಟ್ಟಿ ಅಟ್ಟೆಯ ಪಾದರಕ್ಷೆ ಹಾಕಿಕೊಂಡು ನೋವು ತಡೆಯುವಷ್ಟು ನಡೆಯಿರಿ’ ಎನ್ನುತ್ತಾರೆ. ಅದರಿಂದ ಸ್ವಲ್ಪ ಮುಂದೆ ಮುರಿದರೆ ‘ಆರು ವಾರ ಕಾಲನ್ನು ನೆಲಕ್ಕೆ ಊರಲೇಬೇಡಿ’ ಎನ್ನುತ್ತಾರೆ. ಗಡಿಭಾಗದ ನಮ್ಮ ಸದಸ್ಯರಿಗೆ ಈ ಸೂಚನೆ ಮಲಯಾಳಂ, ತಮಿಳು, ಮರಾಠಿ ಅಥವಾ ತೆಲುಗಿನಲ್ಲಿ, ಅದೂ ಅವಸರದಲ್ಲಿ ಸಿಗುವುದುಂಟು. ಮನೆಯಲ್ಲಿರುವ ಹಿರಿಯರು ಅದನ್ನು ತಪ್ಪಾಗಿ ತಿಳಿದುಕೊಂಡರೆ ಕೂಡಬೇಕಾದ ಮೂಳೆ ಕೂಡದೆ ಉಳಿಯಬಹುದು. ಆದ್ದರಿಂದ ಈ ವಿಷಯವನ್ನು ಒಂದೆಡೆ ಕ್ರಮವಾಗಿ ಕೊಟ್ಟಿದ್ದೇವೆ. ಇದು ವೈದ್ಯರ ಸಲಹೆಗೆ ಬದಲಿಯಲ್ಲ. ವೈದ್ಯರ ಮಾತನ್ನು ಸರಿಯಾಗಿ ಅರ್ಥಮಾಡಿಕೊಳ್ಳಲು, ಸರಿಯಾದ ಪ್ರಶ್ನೆ ಕೇಳಲು ಇದು ನೆರವಾದರೆ ಸಾಕು.

ಯಾವ ಮೂಳೆ ಇದು?

ಪ್ರತಿ ಕಾಲ್ಬೆರಳಿನ ಹಿಂದೆ ಪಾದದೊಳಗೆ ಒಂದೊಂದು ಉದ್ದ ಮೂಳೆ ಇದೆ. ಇವುಗಳಿಗೆ ಮೆಟಾಟಾರ್ಸಲ್ ಎಂದು ಹೆಸರು. ಹೆಬ್ಬೆರಳಿನದು ಒಂದನೆಯದು, ಕಿರುಬೆರಳಿನದು ಐದನೆಯದು. ಕಿರುಬೆರಳಿನಿಂದ ಹಿಮ್ಮಡಿಯತ್ತ ಪಾದದ ಹೊರಅಂಚಿನ ಮೇಲೆ ಬೆರಳು ಎಳೆದುಕೊಂಡು ಬನ್ನಿ. ಸುಮಾರು ಅರ್ಧ ದಾರಿಯಲ್ಲಿ ಒಂದು ಗುಬ್ಬಿ ಕೈಗೆ ಸಿಗುತ್ತದೆ. ಅದೇ ಐದನೇ ಮೆಟಾಟಾರ್ಸಲ್ ಮೂಳೆಯ ಬುಡ.

ಮೀನಖಂಡದ ಹೊರಬದಿಯಿಂದ ಇಳಿದು ಬರುವ ಒಂದು ಸ್ನಾಯುವಿನ ಹುರಿ ಈ ಗುಬ್ಬಿಗೆ ಅಂಟಿಕೊಂಡಿದೆ. ಅಂಗಾಲಿನ ಗಟ್ಟಿ ಪೊರೆಯ ಒಂದು ಎಳೆಯೂ ಇಲ್ಲಿಗೇ ಬಂದು ಸೇರುತ್ತದೆ. ಪಾದ ಒಳಕ್ಕೆ ಹೊರಳಿದಾಗ ಇವೆರಡೂ ಒಮ್ಮೆಲೇ ಬಿಗಿದು ಗುಬ್ಬಿಯನ್ನು ಜಗ್ಗುತ್ತವೆ. ಹುರಿ ಗಟ್ಟಿಯಾಗಿದ್ದು ಮೂಳೆ ಸೋತರೆ ಮೂಳೆಯ ಒಂದು ಚೂರು ಕಿತ್ತುಬರುತ್ತದೆ. ಏನೂ ಬಡಿಯದೆ, ಭಾರ ಬೀಳದೆ ಬರೀ ಕಾಲು ಹೊರಳಿದ್ದಕ್ಕೇ ಮೂಳೆ ಮುರಿಯುವುದು ಹೀಗೆ.

ಮೂರು ಜಾಗ, ಮೂರು ಬಗೆ

ಮೂಳೆಯ ಬುಡದ ಕಡೆಯ ಮುರಿತಗಳನ್ನು ವೈದ್ಯರು ಮೂರು ವಲಯಗಳಾಗಿ ನೋಡುತ್ತಾರೆ.

ಮೊದಲನೆಯ ವಲಯ: ಗುಬ್ಬಿಯೇ ಕಿತ್ತುಬಂದಿರುವುದು. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಇದೇ. ಇಲ್ಲಿ ರಕ್ತದ ಹರಿವು ಚೆನ್ನಾಗಿರುವುದರಿಂದ ಬಹುಪಾಲು ಶಸ್ತ್ರಚಿಕಿತ್ಸೆಯಿಲ್ಲದೆ ಕೂಡಿಕೊಳ್ಳುತ್ತದೆ.

ಎರಡನೆಯ ವಲಯ: ಗುಬ್ಬಿಯ ತುದಿಯಿಂದ ಸುಮಾರು ಒಂದೂವರೆ, ಎರಡು ಸೆಂಟಿಮೀಟರ್ ಮುಂದೆ, ನಾಲ್ಕನೇ ಮತ್ತು ಐದನೇ ಮೂಳೆಗಳು ಒಂದಕ್ಕೊಂದು ತಾಗುವ ಮಟ್ಟದಲ್ಲಿ ಅಡ್ಡಲಾಗಿ ಆಗುವ ಮುರಿತ. ಇದಕ್ಕೆ ಜೋನ್ಸ್ ಮುರಿತ ಎನ್ನುತ್ತಾರೆ. ಮೂಳೆಯ ಬುಡಕ್ಕೆ ಒಂದು ಕಡೆಯಿಂದ, ನಡುಭಾಗಕ್ಕೆ ಇನ್ನೊಂದು ಕಡೆಯಿಂದ ರಕ್ತ ಬರುತ್ತದೆ. ಈ ಎರಡರ ನಡುವಿನ ಜಾಗ ಕಾಲುವೆಯ ಕೊನೆಯಲ್ಲಿರುವ ಗದ್ದೆಯಂತೆ, ಎರಡೂ ಕಡೆಯ ನೀರು ತಲುಪುವುದು ಕಷ್ಟ. ಆದ್ದರಿಂದ ಇಲ್ಲಿ ಮುರಿದರೆ ಕೂಡುವುದು ನಿಧಾನ. ಕೆಲವರಲ್ಲಿ ಕೂಡದೆಯೂ ಉಳಿಯುತ್ತದೆ.

ಮೂರನೆಯ ವಲಯ: ಅದಕ್ಕೂ ಮುಂದೆ, ಮೂಳೆಯ ಕಾಂಡದ ಆರಂಭದಲ್ಲಿ ಬರುವ ಬಿರುಕು. ಇದು ಒಂದೇ ಪೆಟ್ಟಿಗೆ ಆಗುವುದಕ್ಕಿಂತ, ಅದೇ ಜಾಗಕ್ಕೆ ದಿನವೂ ಭಾರ ಬಿದ್ದು ಬಿದ್ದು ಆಗುವುದು ಹೆಚ್ಚು. ಕಬಡ್ಡಿ, ಫುಟ್‌ಬಾಲ್ ಆಡುವವರಲ್ಲಿ, ಪೊಲೀಸ್ ಮತ್ತು ಸೈನ್ಯದ ಭರ್ತಿಗೆಂದು ಒಮ್ಮೆಲೇ ಓಟ ಹೆಚ್ಚಿಸಿದ ಹುಡುಗರಲ್ಲಿ ಇದನ್ನು ಶಂಕಿಸಬೇಕು. ವಾರಗಟ್ಟಲೆ ಸಣ್ಣಗೆ ನೋಯುತ್ತಿದ್ದು ಒಂದು ದಿನ ತಟ್ಟನೆ ಹೆಚ್ಚಾಯಿತು ಎನ್ನುವುದು ಇದರ ಲಕ್ಷಣ. ಕೂಡಲು ಎಲ್ಲಕ್ಕಿಂತ ಹೆಚ್ಚು ಕಾಲ ಬೇಡುವುದು ಇದೇ.

ಇವಲ್ಲದೆ ಬೆರಳಿನ ಸಮೀಪ ಮೂಳೆಯ ಕಾಂಡ ಓರೆಯಾಗಿ, ತಿರುಚಿದಂತೆ ಮುರಿಯುವುದೂ ಉಂಟು. ಮುಂಗಾಲಿನ ಮೇಲೆ ನಿಂತು ಕುಣಿಯುವಾಗ ಪಾದ ಹೊರಳಿ ಆಗುವುದರಿಂದ ಇದನ್ನು ನರ್ತಕರ ಮುರಿತ ಎಂದು ಕರೆಯುತ್ತಾರೆ. ಕುಂಬಳೆ, ಕಾಸರಗೋಡು ಸೀಮೆಯ ಯಕ್ಷಗಾನ ಕಲಾವಿದರೂ ಭರತನಾಟ್ಯ ಕಲಿಯುವ ಮಕ್ಕಳೂ ಇದನ್ನು ತಿಳಿದಿರುವುದು ಒಳ್ಳೆಯದು.

ಜೋನ್ಸ್ ಎಂಬ ಹೆಸರೂ ಕುಣಿತದಿಂದಲೇ ಬಂದದ್ದು. ಬ್ರಿಟನ್ನಿನ ಮೂಳೆ ಶಸ್ತ್ರವೈದ್ಯ ಸರ್ ರಾಬರ್ಟ್ ಜೋನ್ಸ್ ಕುಣಿಯುತ್ತಿದ್ದಾಗ ತಮ್ಮದೇ ಪಾದದ ಈ ಮೂಳೆ ಮುರಿದುಕೊಂಡರು. ಎಕ್ಸ್-ರೇ ಬಂದು ಇನ್ನೂ ಹತ್ತು ವರ್ಷವೂ ಆಗಿರದ ಕಾಲ ಅದು. ನೇರ ಪೆಟ್ಟು ಬೀಳದೆಯೂ ಈ ಮೂಳೆ ಮುರಿಯುತ್ತದೆ ಎಂಬುದನ್ನು ತಮ್ಮ ಪಾದವನ್ನೂ ಸೇರಿಸಿ ಕೆಲವು ಉದಾಹರಣೆಗಳ ಮೂಲಕ ಅವರು 1902ರಲ್ಲಿ ಬರೆದು ಪ್ರಕಟಿಸಿದರು.

ಉಳುಕೋ, ಮುರಿತವೋ?

ಊತ, ನೀಲಿಗಟ್ಟುವುದು, ನೋವು ಎರಡರಲ್ಲೂ ಇರುತ್ತವೆ. ಕಣ್ಣಳತೆಯಲ್ಲಿ ಹೇಳಲಾಗದು. ‘ಬೆರಳು ಆಡಿಸಲು ಬರುತ್ತದೆ, ಹಾಗಾಗಿ ಮುರಿದಿಲ್ಲ’ ಎಂಬುದು ತಪ್ಪು ತಿಳಿವಳಿಕೆ. ಮೂಳೆ ಮುರಿದಿದ್ದರೂ ಬೆರಳು ಆಡುತ್ತದೆ, ಕುಂಟುತ್ತ ನಡೆಯಲೂ ಆಗಬಹುದು.

ಕೆನಡಾದ ಒಟ್ಟಾವಾ ನಗರದ ವೈದ್ಯರು 1992ರಲ್ಲಿ ರೂಪಿಸಿದ ಸರಳ ನಿಯಮವನ್ನು ಇಂದು ಬಹಳ ದೇಶಗಳಲ್ಲಿ ಬಳಸುತ್ತಾರೆ. ಪಾದದ ನಡುಭಾಗದಲ್ಲಿ ನೋವಿದ್ದು, ಕೆಳಗಿನವುಗಳಲ್ಲಿ ಯಾವುದಾದರೂ ಒಂದು ಇದ್ದರೆ ಪಾದದ ಎಕ್ಸ್-ರೇ ಬೇಕು:

• ಮೇಲೆ ಹೇಳಿದ ಗುಬ್ಬಿಯನ್ನು ಒತ್ತಿದಾಗ ನೋವು
• ಪಾದದ ಒಳಬದಿಯ ಕಮಾನಿನ ಮೇಲಿರುವ ದೋಣಿಯಾಕಾರದ ಮೂಳೆಯನ್ನು ಒತ್ತಿದಾಗ ನೋವು
• ಪೆಟ್ಟಾದ ಕೂಡಲೇ ಮತ್ತು ಆಸ್ಪತ್ರೆಯಲ್ಲಿ ನೋಡುವಾಗ ಎರಡೂ ಸಲ ನಾಲ್ಕು ಹೆಜ್ಜೆ ಇಡಲಾಗದಿರುವುದು

ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರಿಗೆ ನೋವೇ ಗೊತ್ತಾಗದಿರಬಹುದು. ಅವರು ನೋವಿಗೆ ಕಾಯದೆ, ಊತ ಮತ್ತು ಬಿಸಿ ಕಂಡರೆ ತೋರಿಸಬೇಕು.

ಮಕ್ಕಳ ವಿಷಯದಲ್ಲಿ ಒಂದು ಮಾತು. ಸುಮಾರು 9ರಿಂದ 14 ವರ್ಷದ ಮಕ್ಕಳ ಎಕ್ಸ್-ರೇಯಲ್ಲಿ ಇದೇ ಗುಬ್ಬಿಯ ಬಳಿ ಮೂಳೆಯ ಉದ್ದಕ್ಕೇ ಒಂದು ಗೆರೆ ಕಾಣುತ್ತದೆ. ಅದು ಬೆಳೆಯುವ ಭಾಗ, ಮುರಿತವಲ್ಲ. ಮುರಿತದ ಗೆರೆ ಸಾಮಾನ್ಯವಾಗಿ ಅಡ್ಡಲಾಗಿರುತ್ತದೆ. ಅನುಮಾನವಿದ್ದರೆ ಮೂಳೆ ತಜ್ಞರಿಗೇ ಫಿಲ್ಮ್ ತೋರಿಸಿ.

ಮೊದಲ ದಿನ ಏನು ಮಾಡಬೇಕು?

ನಡೆಯುವುದನ್ನು ನಿಲ್ಲಿಸಿ. ಕಾಲುಂಗುರ, ಗೆಜ್ಜೆ, ಕಾಲ್ಗಡಗವಿದ್ದರೆ ಊತ ಹೆಚ್ಚುವ ಮೊದಲೇ ತೆಗೆಯಿರಿ. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷ ಇಡಿ. ಎರಡು ಮೂರು ಗಂಟೆಗೊಮ್ಮೆ ಹೀಗೆ ಮಾಡಬಹುದು. ಬರಿಯ ಮಂಜುಗಡ್ಡೆಯನ್ನು ಚರ್ಮಕ್ಕೆ ಹಚ್ಚಬೇಡಿ. ಮಲಗಿ, ದಿಂಬುಗಳ ಮೇಲೆ ಪಾದವನ್ನು ಎದೆಯ ಮಟ್ಟಕ್ಕಿಂತ ಎತ್ತರಕ್ಕೆ ಇಡಿ. ಕುರ್ಚಿಯಲ್ಲಿ ಕುಳಿತು ಮಣೆಯ ಮೇಲೆ ಕಾಲಿಟ್ಟರೆ ಊತ ಅಷ್ಟಾಗಿ ಇಳಿಯುವುದಿಲ್ಲ.

ಎಣ್ಣೆ ತಿಕ್ಕುವುದು, ನೀವುವುದು, ಎಳೆದು ‘ಸರಿಮಾಡುವುದು’, ಬಿಸಿ ಶಾಖ: ಇವು ಬೇಡ. ಮೂಳೆ ಮುರಿದಿದ್ದರೆ ತುಂಡು ಇನ್ನಷ್ಟು ಸರಿಯಬಹುದು, ಊತವೂ ಹೆಚ್ಚುತ್ತದೆ. ನೋವಿನ ಮಾತ್ರೆಯನ್ನು ವೈದ್ಯರು ಹೇಳಿದ ಅಳತೆಯಲ್ಲೇ ತೆಗೆದುಕೊಳ್ಳಿ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇರುವವರು, ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರು ಅದನ್ನು ಮೊದಲೇ ಹೇಳಬೇಕು. ಗಾಯವಾಗಿ ಮೂಳೆ ಹೊರಗೆ ಕಂಡರೆ ಶುದ್ಧ ಬಟ್ಟೆ ಮುಚ್ಚಿ ನೇರವಾಗಿ ಆಸ್ಪತ್ರೆಗೆ ಹೋಗಿ.

ನಾಟಿ ಕಟ್ಟಿನ ಬಗ್ಗೆ ಸದಸ್ಯರು ಕೇಳುವುದುಂಟು. ಚಿತ್ತೂರು ಸೀಮೆಯ ಪುತ್ತೂರು ಕಟ್ಟಿನ ಹೆಸರು ಆಂಧ್ರ, ತಮಿಳುನಾಡು, ಕರ್ನಾಟಕ ಮೂರೂ ಕಡೆ ಮನೆಮಾತಾಗಿದೆ. ಪ್ರತಿ ಊರಿನಲ್ಲೂ ಮೂಳೆ ಕಟ್ಟುವವರು ಇದ್ದಾರೆ. ಯಾರ ಬಳಿ ಹೋದರೂ ಮೊದಲು ಎಕ್ಸ್-ರೇ ಆಗಿರಲಿ. ಕಾರಣ ಸರಳ: ಮೊದಲ ವಲಯದ ಮುರಿತ ಯಾವ ಕಟ್ಟಿಗೂ ಕೂಡಬಹುದು, ಎರಡನೆಯ ವಲಯದ್ದು ಹಾಗಲ್ಲ. ಕೈಯಲ್ಲಿ ಮುಟ್ಟಿ ಈ ವ್ಯತ್ಯಾಸ ಹೇಳಲಾಗದು. ಬಿದಿರುಸೀಳು ಹಾಕಿ ಬಿಗಿದ ಕಟ್ಟಿನಡಿ ಬೆರಳು ತಣ್ಣಗಾದರೆ, ಜೋಮು ಹಿಡಿದರೆ, ಅರ್ಧರಾತ್ರಿಯಾದರೂ ಬಿಚ್ಚಲೇಬೇಕು. ಸಕ್ಕರೆ ಕಾಯಿಲೆಯವರಿಗೆ ಬಿಗಿ ಕಟ್ಟು ಬೇಡವೇ ಬೇಡ.

ಚಿಕಿತ್ಸೆ

ಮೊದಲ ವಲಯ: ಗಟ್ಟಿ ಅಟ್ಟೆಯ ಪಾದರಕ್ಷೆ, ನಡೆಯುವ ಬೂಟು, ಅಥವಾ ಕೆಲವರಿಗೆ ಸಣ್ಣ ಪ್ಲಾಸ್ಟರ್. ನೋವು ತಡೆಯುವಷ್ಟು ಭಾರ ಬಿಡಬಹುದು. ಮೊದಲ ಒಂದೆರಡು ವಾರ ಊರುಗೋಲು ಬೇಕಾದೀತು. ಸಾಮಾನ್ಯವಾಗಿ 6ರಿಂದ 8 ವಾರದಲ್ಲಿ ನಿತ್ಯದ ಓಡಾಟ ಸಾಧ್ಯವಾಗುತ್ತದೆ. ತುಂಡು ಬಹಳ ದೂರ ಸರಿದಿದ್ದರೆ, ಕೀಲಿನ ದೊಡ್ಡ ಭಾಗ ಒಡೆದಿದ್ದರೆ ಮಾತ್ರ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ.

ಎರಡನೆಯ ವಲಯ: ಮೊಣಕಾಲ ಕೆಳಗಿನ ಪ್ಲಾಸ್ಟರ್ ಅಥವಾ ಬೂಟು ಹಾಕಿ, ಸಾಮಾನ್ಯವಾಗಿ 6ರಿಂದ 8 ವಾರ ಭಾರ ಬಿಡದಂತೆ ನೋಡಿಕೊಳ್ಳುವುದು ರೂಢಿಯಲ್ಲಿರುವ ಕ್ರಮ. ಇನ್ನೊಂದು ದಾರಿ, ಮೂಳೆಯ ಒಳಗೆ ಉದ್ದಕ್ಕೂ ಒಂದು ಸ್ಕ್ರೂ ಕೂರಿಸುವ ಶಸ್ತ್ರಚಿಕಿತ್ಸೆ. ಬೇಗ ಮೈದಾನಕ್ಕೆ ಮರಳಬೇಕಾದ ಆಟಗಾರರಿಗೆ ಇದನ್ನು ಹೆಚ್ಚಾಗಿ ಸೂಚಿಸುತ್ತಾರೆ. ಅಡಿಕೆ ತೋಟದಲ್ಲಿ ಮರ ಏರುವವರು, ಚಹಾ ತೋಟದ ಇಳಿಜಾರಿನಲ್ಲಿ ದುಡಿಯುವವರು, ಹಮಾಲಿ ಮಾಡುವವರು ತಮ್ಮ ಕೆಲಸ ಎಂಥದ್ದೆಂದು ವೈದ್ಯರಿಗೆ ಬಿಡಿಸಿ ಹೇಳಬೇಕು. ಎರಡು ದಾರಿಗಳ ನಡುವಿನ ತೀರ್ಮಾನಕ್ಕೆ ಅದೂ ಮುಖ್ಯ.

ಮೂರನೆಯ ವಲಯ: ಭಾರ ಬಿಡದೆ ಇರಬೇಕಾದ ಅವಧಿ ಇನ್ನೂ ದೀರ್ಘ, ತಿಂಗಳುಗಳೇ ಆಗಬಹುದು. ಹಳೆಯ ಬಿರುಕಾಗಿದ್ದರೆ ಸ್ಕ್ರೂ, ಕೆಲವೊಮ್ಮೆ ಬೇರೆಡೆಯಿಂದ ತೆಗೆದ ಮೂಳೆಯ ಚೂರು ತುಂಬುವುದು ಬೇಕಾಗುತ್ತದೆ.

ನಡುನಡುವೆ ಎಕ್ಸ್-ರೇ ತೆಗೆದು ಕೂಡುತ್ತಿದೆಯೇ ಎಂದು ನೋಡುತ್ತಾರೆ. ನೋವು ಹೋಗಿ ಎಷ್ಟೋ ದಿನಗಳ ನಂತರವೂ ಫಿಲ್ಮಿನಲ್ಲಿ ಗೆರೆ ಉಳಿದಿರಬಹುದು. ಮೊದಲ ವಲಯದಲ್ಲಿ ಇದಕ್ಕೆ ಗಾಬರಿ ಬೇಡ. ಆದರೆ ಎರಡು, ಮೂರನೆಯ ವಲಯದಲ್ಲಿ ನೋವಿಲ್ಲವೆಂದು ತಾವಾಗಿಯೇ ನಡೆಯಲು ಶುರುಮಾಡಬಾರದು.

ಪ್ಲಾಸ್ಟರ್, ಊರುಗೋಲು, ಮನೆ

ಪ್ಲಾಸ್ಟರ್ ಒದ್ದೆಯಾಗಬಾರದು. ಸ್ನಾನಕ್ಕೆ ಕುರ್ಚಿಯ ಮೇಲೆ ಕುಳಿತು ಕಾಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹೊರಗಿಡಿ. ನವೆಯಾದರೆ ಕಡ್ಡಿ, ಹೆಣಿಗೆ ಸೂಜಿ ತೂರಿಸಬೇಡಿ. ಒಳಗೆ ಗೀರಿದ ಗಾಯ ಕಾಣದೆ ಕೀವಾಗುತ್ತದೆ. ಬೆರಳುಗಳನ್ನು ಗಂಟೆಗೊಮ್ಮೆ ಆಡಿಸುತ್ತಿರಿ.

ಊರುಗೋಲಿನ ಮೇಲ್ತುದಿ ಕಂಕುಳಿಗಿಂತ ಎರಡು ಮೂರು ಬೆರಳಷ್ಟು ಕೆಳಗಿರಬೇಕು. ಭಾರ ಅಂಗೈ ಮೇಲೆ ಬೀಳಬೇಕು, ಕಂಕುಳಿನ ಮೇಲಲ್ಲ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಊರುಗೋಲು ಮತ್ತು ಪೆಟ್ಟಾದ ಕಾಲು ಮೊದಲು. ಊರುಗೋಲಿನ ಬುಡದ ರಬ್ಬರ್ ಸವೆದಿದ್ದರೆ ಬದಲಿಸಿ. ಒದ್ದೆ ನೆಲದಲ್ಲಿ ಅದೇ ಎರಡನೆಯ ಅಪಘಾತಕ್ಕೆ ದಾರಿ.

ಕುಕ್ಕರುಗಾಲಲ್ಲಿ ಕೂರುವ ಶೌಚಾಲಯ ಈ ಮುರಿತದವರಿಗೆ ದೊಡ್ಡ ಕಷ್ಟ. ನಡುವೆ ರಂಧ್ರವಿರುವ ಕುರ್ಚಿ ಔಷಧಿ ಉಪಕರಣಗಳ ಅಂಗಡಿಗಳಲ್ಲಿ ಸಿಗುತ್ತದೆ, ಕೆಲವೆಡೆ ಬಾಡಿಗೆಗೂ ದೊರೆಯುತ್ತದೆ. ಆರು ವಾರದ ಮಟ್ಟಿಗೆ ಅದನ್ನು ತಂದಿಟ್ಟುಕೊಳ್ಳಿ. ಮನೆಯೊಳಗೆ ಬರಿಗಾಲಲ್ಲಿ ನಡೆಯುವ ರೂಢಿಯನ್ನೂ ಕೆಲವು ತಿಂಗಳು ಬಿಡಬೇಕು. ಹವಾಯಿ ಚಪ್ಪಲಿಯ ಮೆತ್ತನೆ ಅಟ್ಟೆ ಪ್ರತಿ ಹೆಜ್ಜೆಗೂ ಬಾಗುತ್ತದೆ, ಮೂಳೆಯೂ ಅದರೊಂದಿಗೆ ಬಾಗಲು ನೋಡುತ್ತದೆ. ದೇವರ ಕೋಣೆಗೂ ಅಡುಗೆ ಮನೆಗೂ ಒಂದು ಸ್ವಚ್ಛ ಗಟ್ಟಿ ಪಾದರಕ್ಷೆ ಬೇರೆಯೇ ಇಟ್ಟುಕೊಂಡರೆ ಆಯಿತು.

ಊಟ, ಬಿಸಿಲು, ತಂಬಾಕು

ವಯಸ್ಕರಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ನಮ್ಮ ದೇಶದ ಆಹಾರ ಶಿಫಾರಸು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚಿದೆ. ಹೊಸೂರು, ತಾಳವಾಡಿ, ಮಡಕಶಿರಾ ಕಡೆಯ ಮುದ್ದೆಯೂಟದವರಿಗೆ ಇದು ಸಹಜವಾಗಿಯೇ ಸಿಗುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಜೋಳದಲ್ಲಿ, ಕಾಸರಗೋಡಿನ ಕುಚ್ಚಲಕ್ಕಿಯಲ್ಲಿ ಕ್ಯಾಲ್ಸಿಯಂ ಕಡಿಮೆ. ರೊಟ್ಟಿಯ ಜೊತೆ ಮೊಸರು, ಎಳ್ಳಿನ ಚಟ್ನಿಪುಡಿ, ಅನ್ನದ ಜೊತೆ ಮಜ್ಜಿಗೆ, ನುಗ್ಗೆಸೊಪ್ಪು, ಮೀನು ತಿನ್ನುವವರು ಮುಳ್ಳಿನ ಸಮೇತ ತಿನ್ನುವ ಸಣ್ಣ ಮೀನು ಸೇರಿಸಿಕೊಳ್ಳಲಿ. ಬೇಳೆ, ಕಾಳು, ಮೊಟ್ಟೆ, ಹಾಲು ಇವುಗಳ ಪ್ರೋಟೀನೂ ಅಷ್ಟೇ ಮುಖ್ಯ. ‘ಗಾಯಕ್ಕೆ ನಂಜು’ ಎಂದು ಪಥ್ಯ ಮಾಡಿ ಊಟ ಕಡಿಮೆ ಮಾಡುವುದು ಮೂಳೆಗೆ ಒಳ್ಳೆಯದಲ್ಲ.

ಡಿ ಜೀವಸತ್ವ ಕಡಿಮೆಯಿದ್ದರೆ ಮೂಳೆ ಕೂಡುವುದು ತಡವಾಗಬಹುದು. ಬಿಸಿಲಲ್ಲಿ ಸ್ವಲ್ಪ ಹೊತ್ತು ಕೂರಿ. ಹೆಚ್ಚಿನ ಪ್ರಮಾಣದ ಮಾತ್ರೆ, ಪುಡಿಗಳನ್ನು ಪರೀಕ್ಷೆಯಿಲ್ಲದೆ ತಿಂಗಳುಗಟ್ಟಲೆ ತೆಗೆದುಕೊಳ್ಳಬೇಡಿ. ಬೀಡಿ, ಸಿಗರೇಟು ಮೂಳೆಗೆ ಹೋಗುವ ರಕ್ತವನ್ನು ಕುಗ್ಗಿಸುತ್ತವೆ. ಎರಡನೆಯ ವಲಯದಂಥ ರಕ್ತ ಕಡಿಮೆ ಹರಿಯುವ ಜಾಗದಲ್ಲಿ ಇದರ ಹಾನಿ ಹೆಚ್ಚು. ಮೂಳೆ ಕೂಡುವವರೆಗಾದರೂ ಬಿಡಿ. ಸಕ್ಕರೆ ಕಾಯಿಲೆಯವರು ಸಕ್ಕರೆಯನ್ನು ಹತೋಟಿಯಲ್ಲಿಡಬೇಕು.

ಮತ್ತೆ ನಡೆಯಲು

ಪ್ಲಾಸ್ಟರ್ ತೆಗೆದ ದಿನ ಕಾಲು ಸಣಕಲಾಗಿ, ಬಿಗಿದುಕೊಂಡು ಇರುತ್ತದೆ. ಅದು ಸಹಜ. ವೈದ್ಯರು ಅನುಮತಿಸಿದ ಮೇಲೆ ಈ ಕ್ರಮದಲ್ಲಿ ಹೋಗಬಹುದು:

1. ಕುಳಿತು ಪಾದವನ್ನು ಮೇಲೆ ಕೆಳಗೆ ಆಡಿಸುವುದು. ಹೆಬ್ಬೆರಳಿನಿಂದ ಗಾಳಿಯಲ್ಲಿ ‘ಅ’ದಿಂದ ‘ಳ’ವರೆಗೆ ಅಕ್ಷರ ಬರೆಯುವುದು. ಕನ್ನಡದ ದುಂಡು ಅಕ್ಷರಗಳಿಗೆ ಪಾದ ಎಲ್ಲ ದಿಕ್ಕಿಗೂ ತಿರುಗುತ್ತದೆ.
2. ನೆಲದ ಮೇಲಿನ ಟವೆಲನ್ನು ಬೆರಳುಗಳಿಂದ ಮುದುರಿ ಎಳೆದುಕೊಳ್ಳುವುದು.
3. ಎರಡು ಊರುಗೋಲು, ಆಮೇಲೆ ಒಂದು (ಒಳ್ಳೆಯ ಕಾಲಿನ ಕಡೆಯ ಕೈಯಲ್ಲಿ), ಆಮೇಲೆ ಊರುಗೋಲಿಲ್ಲದೆ ಮನೆಯೊಳಗೆ ನಡೆಯುವುದು.
4. ಗೋಡೆ ಹಿಡಿದು ಎರಡೂ ಹಿಮ್ಮಡಿ ಎತ್ತುವುದು, ನಂತರ ಒಂಟಿ ಕಾಲಲ್ಲಿ ಅರ್ಧ ನಿಮಿಷ ನಿಲ್ಲುವುದು. ಪಾದ ಮತ್ತೆ ಹೊರಳದಂತೆ ಕಾಯುವುದು ಈ ಸಮತೋಲನವೇ.
5. ಕೊನೆಯಲ್ಲಿ ವೇಗದ ನಡಿಗೆ, ಓಟ, ಕುಣಿತ, ಮರ ಏರುವುದು.

ಸಂಜೆಯ ಊತ, ದೂರ ನಡೆದರೆ ನೋವು ಮೂರು ತಿಂಗಳವರೆಗೆ, ಕೆಲವರಿಗೆ ಇನ್ನೂ ಹೆಚ್ಚು ಕಾಲ ಉಳಿಯುತ್ತವೆ. ಒಂದು ಹಂತದಲ್ಲಿ ನೋವು ಹೆಚ್ಚಿದರೆ ಹಿಂದಿನ ಹಂತಕ್ಕೆ ಮರಳಿ. ಮೋಟಾರ್ ಸೈಕಲ್, ಕಾರು ಚಾಲನೆಗೆ ಅವಸರ ಬೇಡ. ತಟ್ಟನೆ ಬ್ರೇಕ್ ಒತ್ತಲು ಕಾಲು ಹಿಂಜರಿಯಬಾರದು.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

• ಬೆರಳು ನೀಲಿ ಅಥವಾ ಬಿಳಿಚಿಕೊಳ್ಳುವುದು, ತಣ್ಣಗಾಗುವುದು, ಜೋಮು
• ಮಾತ್ರೆಗೂ ಬಗ್ಗದೆ ಏರುತ್ತಲೇ ಇರುವ ನೋವು
• ಪ್ಲಾಸ್ಟರಿನೊಳಗಿನಿಂದ ವಾಸನೆ, ಕೀವು, ಜ್ವರ
• ಮೀನಖಂಡದಲ್ಲಿ ನೋವು ಮತ್ತು ಊತ, ಹಠಾತ್ ಉಸಿರುಕಟ್ಟುವುದು, ಎದೆನೋವು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದಾಗ ಹೀಗಾಗಬಹುದು. ಇದಕ್ಕೆ ಒಂದು ಗಂಟೆಯೂ ಕಾಯಬಾರದು.

ಭಾಷೆ, ಕಾಗದ, ಹಣ

ವೈದ್ಯರ ಕೋಣೆಯಿಂದ ಹೊರಬರುವ ಮುನ್ನ ಮೂರು ಪ್ರಶ್ನೆಗಳಿಗೆ ಉತ್ತರ ನಿಮ್ಮ ಬಳಿ ಇರಬೇಕು: ಮುರಿದಿರುವುದು ಯಾವ ವಲಯದಲ್ಲಿ? ಕಾಲೂರಬಹುದೇ? ಮತ್ತೆ ಯಾವಾಗ ಬರಬೇಕು? ಇವುಗಳಲ್ಲಿ ನಡುವಿನದೇ ಎಲ್ಲಕ್ಕಿಂತ ಮುಖ್ಯ. ನೆರೆಭಾಷೆಯಲ್ಲಿ ಹೀಗೆ ಕೇಳಬಹುದು:

ಮಲಯಾಳಂ: ಕಾಲ್ ನಿಲತ್ತು ಕುತ್ತಾಮೋ?
ತಮಿಳು: ಕಾಲೈ ಊನ್ರಿ ನಡಕ್ಕಲಾಮಾ?
ಮರಾಠಿ: ಪಾಯಾವರ ಭಾರ ದೇಊ ಶಕತೋ ಕಾ?
ತೆಲುಗು: ಕಾಲು ಕಿಂದ ಮೋಪವಚ್ಚಾ?

ಉತ್ತರವನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ. ಮನೆಗೆ ಬಂದ ಮೇಲೆ ಅದನ್ನೇ ದೊಡ್ಡ ಕನ್ನಡ ಅಕ್ಷರಗಳಲ್ಲಿ ‘ಇಂಥ ತಾರೀಖಿನವರೆಗೆ ಕಾಲೂರಬಾರದು’ ಎಂದು ಬರೆದು ಹಾಸಿಗೆಯ ಪಕ್ಕ ಅಂಟಿಸಿ. ಎಕ್ಸ್-ರೇ ಫಿಲ್ಮ್ ಮತ್ತು ಚೀಟಿಗಳ ಮೂಲಪ್ರತಿ ನಿಮ್ಮಲ್ಲೇ ಇರಲಿ, ಫೋನಿನಲ್ಲಿ ಫೋಟೋ ತೆಗೆದಿಡಿ. ಒಂದು ರಾಜ್ಯದಲ್ಲಿ ಪ್ಲಾಸ್ಟರ್ ಹಾಕಿಸಿ ಇನ್ನೊಂದು ರಾಜ್ಯದಲ್ಲಿ ಮುಂದುವರಿಸುವವರಿಗೆ ಮೊದಲ ಫಿಲ್ಮ್ ಇಲ್ಲದಿದ್ದರೆ ಹೋಲಿಸಿ ನೋಡಲು ಆಗುವುದಿಲ್ಲ.

ಸರಕಾರಿ ಆರೋಗ್ಯ ಯೋಜನೆಗಳು ಹೆಚ್ಚಾಗಿ ಒಳರೋಗಿ ಚಿಕಿತ್ಸೆಗೆ ಮೀಸಲು. ಸ್ಕ್ರೂ ಕೂರಿಸುವ ಶಸ್ತ್ರಚಿಕಿತ್ಸೆ ಅದರಲ್ಲಿ ಬರುತ್ತದೆಯೇ ಎಂದು ದಾಖಲಾಗುವ ಮೊದಲೇ ಆಸ್ಪತ್ರೆಯ ಸಹಾಯ ಕೌಂಟರಿನಲ್ಲಿ ವಿಚಾರಿಸಿ. ಒಂದು ರಾಜ್ಯದ ಸ್ವಂತ ಯೋಜನೆಯ ಕಾರ್ಡು ಗಡಿಯಾಚೆಯ ಎಲ್ಲ ಆಸ್ಪತ್ರೆಗಳಲ್ಲೂ ನಡೆಯುವುದಿಲ್ಲ. ಆಯುಷ್ಮಾನ್ ಭಾರತ್ ಫಲಾನುಭವಿಗಳಿಗೆ ದೇಶದ ಇತರ ರಾಜ್ಯಗಳ ನೋಂದಾಯಿತ ಆಸ್ಪತ್ರೆಗಳಲ್ಲೂ ಸೌಲಭ್ಯವಿದೆ. ಇಎಸ್ಐ ಇರುವ ಕಾರ್ಖಾನೆ ನೌಕರರಿಗೆ ಕಾಯಿಲೆ ರಜೆಯಲ್ಲಿ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ. 70ರಷ್ಟು, ಕೆಲಸದಿಂದಲೇ ಆದ ಗಾಯವಾದರೆ ಗುಣವಾಗುವವರೆಗೆ ಶೇ. 90ರಷ್ಟು ಭತ್ಯೆ ಸಿಗುತ್ತದೆ. ಹೊಸೂರಿನಂಥ ಕೈಗಾರಿಕಾ ಊರುಗಳ ಸದಸ್ಯರು ಇದನ್ನು ಗಮನಿಸಬೇಕು. ಕೆಲಸದ ಸ್ಥಳದಲ್ಲಿ ಬಿದ್ದಿದ್ದರೆ ಅಂದೇ ಅಪಘಾತದ ದಾಖಲೆ ಮಾಡಿಸಿ.

ದಿನಗೂಲಿಯವರಿಗೆ ಆರು ವಾರ ಮನೆಯಲ್ಲಿ ಕೂರುವುದು ಹೇಳಿದಷ್ಟು ಸುಲಭವಲ್ಲ. ನಾಲ್ಕನೇ ವಾರಕ್ಕೇ ಕೆಲಸಕ್ಕೆ ಇಳಿಯುವವರು ಬಹಳ ಮಂದಿ ಇರುವುದು ಹಟದಿಂದಲ್ಲ, ಮನೆ ನಡೆಯಬೇಕಾದ್ದರಿಂದ. ಆದರೆ ಎರಡನೆಯ ವಲಯದ ಮುರಿತ ಕೂಡದೆ ಉಳಿದರೆ ಶಸ್ತ್ರಚಿಕಿತ್ಸೆ, ಮತ್ತೆ ಆರರಿಂದ ಎಂಟು ವಾರ, ಅಂದರೆ ನಷ್ಟ ಎರಡು ಪಟ್ಟು. ನಿಮ್ಮ ಬೀದಿಯಲ್ಲಿ, ನಿಮ್ಮ ತೋಟದಲ್ಲಿ ಇಂಥವರಿದ್ದರೆ ಕುಳಿತು ಮಾಡುವ ಕೆಲಸವನ್ನು ಆ ಕೆಲವು ವಾರ ಅವರಿಗೆ ಬಿಟ್ಟುಕೊಡಿ: ಅಡಿಕೆ ಸುಲಿಯುವುದು, ಲೆಕ್ಕ ಬರೆಯುವುದು, ಅಂಗಡಿಯ ಗಲ್ಲಾ ನೋಡಿಕೊಳ್ಳುವುದು. ಮನೆಯಲ್ಲಿ ಉಪಯೋಗವಿಲ್ಲದೆ ಮೂಲೆಗೆ ಬಿದ್ದಿರುವ ಊರುಗೋಲು, ಶೌಚದ ಕುರ್ಚಿ ಇದ್ದರೆ ನಿಮ್ಮ ಊರಿನ ಘಟಕಕ್ಕೆ ತಿಳಿಸಿ. ಬೇಕಾದವರ ಮನೆಗೆ ಅವು ತಲುಪಲಿ.